ಮೊದಲ ‘ಬೇಡ’

ಹಾಲೆ, ಜರ್ಮನಿ
೨೨ ಏಪ್ರಿಲ್ ೨೦೧೮, ಭಾನುವಾರ

ಯಮ್ಮಾ ಲುಜೈನ್,

ನೀನು ಫೋನು ಎತ್ತುತ್ತಿಲ್ಲ. ಸಂದೇಶ ಕಳಿಸಿದರೆ ತೆರೆದು ನೋಡುವುದೂ ಇಲ್ಲ. ನನ್ನ ಜೊತೆ ಓದುವ ಇರ್ಬಿದ್‌ನ ಸುಹಾದ್ ಗುರುವಾರ ಊರಿಗೆ ಹೊರಟಿದ್ದಾಳೆ. ಅಮ್ಮಾನ್‌ನಲ್ಲಿ ಇಳಿದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾಳೆ. ಮನೆಗೆ ಬಂದವರ ಎದುರು ನೀನು ಇದನ್ನು ಹರಿದು ಹಾಕುವುದಿಲ್ಲ ಎಂಬ ಧೈರ್ಯ ನನಗಿದೆ. ಅಷ್ಟು ಮರ್ಯಾದೆಯನ್ನು ಅಜ್ಜಿ ಕಲಿಸಿದ್ದಾಳೆ, ನಿನಗೂ ನನಗೂ.

ನಿನ್ನೆ ಅವಳೇ ಫೋನು ಮಾಡಿದ್ದಳು. “ನಿನ್ನ ಮಗಳೂ ನಿನ್ನ ಹಾಗೇ ಕಣೇ, ಬಾಯಿ ಮುಚ್ಕೊಂಡೇ ಜಗಳ ಆಡ್ತಾಳೆ,” ಎಂದಳು. ಆಮೇಲೆ ತಡೆತಡೆದು ಉಳಿದದ್ದನ್ನು ಹೇಳಿದಳು. ತೌಜಿಹಿ ಪರೀಕ್ಷೆ ಮುಗಿದ ಕೂಡಲೇ ನೀನು ಅಪ್ಪನ ಹತ್ತಿರ ಶಾರ್ಜಾಕ್ಕೆ ಹೋಗುತ್ತೀಯಂತೆ, ಅಲ್ಲೇ ಕಾಲೇಜು ಸೇರುತ್ತೀಯಂತೆ. ನಾನು ಮುಂದಿನ ವರ್ಷ ಓದು ಮುಗಿಸಿ ಬರುವಾಗ ಮನೆಯಲ್ಲಿ ನಿನ್ನ ಹಾಸಿಗೆ ಖಾಲಿ ಇರುತ್ತದೆ. ಹೋಗಬೇಡ ಎನ್ನಲು ನನಗೆ ಯಾವ ಬಾಯಿ ಇದೆ? ಮೊದಲು ಹೊರಟವಳು ನಾನಲ್ಲವೇ.

ಆದರೆ ನೀನು ಹೋಗುವುದು ಆ ಫೋಟೋದ ಕಾರಣಕ್ಕಾದರೆ, ಅದರ ಬಗ್ಗೆ ಒಂದು ಸಲ ಕೇಳಿಸಿಕೋ. ವೆರ್ನಿಗೆರೋಡೆ ಎಂಬ ಊರಿನ ರೈಲು ನಿಲ್ದಾಣ, ಬೆಂಚಿನ ಮೇಲೆ ನಾನು, ನನ್ನ ಪಕ್ಕದಲ್ಲಿ ನಿನ್ನ ವಯಸ್ಸಿನ ಹುಡುಗಿ, ಸುತ್ತ ಬಿಳಿಗೂದಲಿನ ಹೆಂಗಸರು, ಎಲ್ಲರ ಬಾಯಿಯೂ ತೆರೆದ ನಗು. ಅದರ ಕೆಳಗೆ ನೀನು ಬರೆದೆ: “ನಿನ್ನ ಹೊಸ ಮನೆಯವರು ಚೆನ್ನಾಗಿದ್ದಾರೆ.” ಅದಾದ ಮೇಲೆ ಮಾತಿಲ್ಲ.

ಆ ಮನೆಯವರು ಯಾರೆಂದು ಹೇಳುತ್ತೇನೆ.

ನಮ್ಮ ಬೀದಿಗೆ ನೀರು ಬಿಡುವುದು ಶನಿವಾರ. ತಾರಸಿಯ ಟ್ಯಾಂಕಿಗೆ ನೀರು ಬೀಳುವ ಸದ್ದಾದರೆ ನೀನು ಬಟ್ಟೆಯ ರಾಶಿಯನ್ನು ಮೆಷಿನ್ನಿಗೆ ತುಂಬುತ್ತಿದ್ದೆ, ನಾನು ಮೆಟ್ಟಿಲು ತೊಳೆಯುತ್ತಿದ್ದೆ, ಅಜ್ಜಿ ಕುರ್ಚಿಯ ಮೇಲೆ ಕೂತು ಇಬ್ಬರನ್ನೂ ಬೈಯುತ್ತಿದ್ದಳು. ಇಷ್ಟು ವರ್ಷ ನೀರಿನ ಇಲಾಖೆಯಲ್ಲಿ ದುಡಿದು, ಅಂತರ್ಜಲದ ಬಗ್ಗೆ ಓದಬೇಕೆಂದು ಈ ವಯಸ್ಸಿನಲ್ಲಿ ಇಲ್ಲಿಗೆ ಬಂದೆ. ಇಲ್ಲಿ ನಲ್ಲಿ ಯಾವ ದಿನವೂ ನಿಲ್ಲುವುದಿಲ್ಲ. ಬಟ್ಟೆಯನ್ನು ಬುಧವಾರವೂ ಒಗೆಯಬಹುದು. ಹಾಗಾಗಿ ಶನಿವಾರಕ್ಕೆ ಕೆಲಸವೇ ಉಳಿಯಲಿಲ್ಲ.

ಹಾಸ್ಟೆಲಿನ ನನ್ನ ಮಹಡಿಯ ಹುಡುಗಿಯರು ಶುಕ್ರವಾರ ಸಂಜೆಯೇ ಒಗೆಯುವ ಬಟ್ಟೆಯ ಚೀಲ ಹೆಗಲಿಗೇರಿಸಿ ಅಮ್ಮಂದಿರ ಮನೆಗೆ ಹೋಗುತ್ತಾರೆ. ಆಮೇಲೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಸದ್ದು ಮತ್ತು ನಾನು. ಕೆಲವು ಶನಿವಾರ ಹಾಗೇ ಕಳೆದೆ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಜನರಾದರೂ ಕಾಣುತ್ತಾರಲ್ಲ ಎಂದು ರೈಲು ನಿಲ್ದಾಣಕ್ಕೆ ಹೋಗಿ ಟಿಕೆಟ್ ಯಂತ್ರದ ಮುಂದೆ ನಿಂತುಕೊಂಡೆ. ಎಲ್ಲಿಗೆ ಹೋಗಬೇಕೆಂದು ನನಗೇ ಗೊತ್ತಿರಲಿಲ್ಲ.

ಇಲ್ಲಿ ಒಂದು ಟಿಕೆಟ್ ಇದೆ. ಅದರಲ್ಲಿ ಐದು ಜನರವರೆಗೆ ಒಟ್ಟಿಗೆ, ನಿಧಾನದ ರೈಲುಗಳಲ್ಲಿ, ದಿನವಿಡೀ ಸುತ್ತಬಹುದು. ಎಲ್ಲರ ಹೆಸರನ್ನೂ ಪೆನ್ನಿನಲ್ಲಿ ಅದರ ಮೇಲೆ ಬರೆಯಬೇಕು. ಜನ ಕಡಿಮೆಯಾದರೆ ಅಲ್ಲೇ ನಿಂತ ಅಪರಿಚಿತರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ. ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಅದೆಲ್ಲ ಆಗ ನನಗೆ ತಿಳಿಯದು. ಬೆನ್ನಿಗೆ ಚೀಲ, ಕೈಯಲ್ಲಿ ಬೆಟ್ಟ ಹತ್ತುವ ಕೋಲು ಹಿಡಿದ ಹೆಂಗಸೊಬ್ಬರು ಬಂದು ಏನೋ ಕೇಳಿದರು. ಹೈಡ್ರುನ್ ಎಂದು ಅವರ ಹೆಸರು, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಇಂಗ್ಲಿಷ್ ಬಾರದು, ನನ್ನ ಜರ್ಮನ್ ಇನ್ನೂ ಅಂಬೆಗಾಲಿನದು. ಮೊಮ್ಮಗಳು ವೀಬ್ಕೆ ನಡುವೆ ನಿಂತು ಹೇಳಿದಳು:

“ಅಜ್ಜಿ, ಅವರ ಇಬ್ಬರು ಗೆಳತಿಯರು, ನಾನು, ನಾಲ್ಕು ಜನ ಇದೀವಿ. ನೀವು ಐದನೆಯವರಾಗ್ತೀರಾ ಅಂತ ಕೇಳ್ತಿದಾರೆ ಅಜ್ಜಿ.”

“ಎಲ್ಲಿಗೆ?”

“ತಾಲೆಗೆ. ನೀವೆಲ್ಲಿಗೆ ಹೋಗಬೇಕಿತ್ತು?”

“ನನಗೆ ಎಲ್ಲಿಗಾದ್ರೂ ಸರಿ.”

ಅದನ್ನು ಕೇಳಿ ಹೈಡ್ರುನ್ ನಕ್ಕು, ಇಂಥ ಪ್ರಯಾಣಿಕರು ಸಿಕ್ಕಿದರೆ ರೈಲ್ವೆಯವರಿಗೆ ಎಷ್ಟು ಸುಖ ಎಂದರು. ಟಿಕೆಟ್ಟನ್ನು ಗೋಡೆಗೆ ಒತ್ತಿ ಹಿಡಿದು ಐದನೆಯ ಸಾಲಿನಲ್ಲಿ ನನ್ನ ಹೆಸರು ಬರೆದರು. “ನುಹಾ. ಇಷ್ಟೇನಾ? ಒಳ್ಳೇದು, ಜಾಗ ಉಳೀತು.”

ರೈಲಿನಲ್ಲಿ ಅವರು ಬೇಯಿಸಿದ ಮೊಟ್ಟೆ ಸುಲಿದು, ಉಪ್ಪು ಉದುರಿಸಿ, ನನ್ನನ್ನು ಕೇಳದೆಯೇ ಕೈಗಿಟ್ಟರು. ಯಾರಾದರೂ ಸುಲಿದುಕೊಟ್ಟ ಮೊಟ್ಟೆ ತಿಂದು ಎಷ್ಟು ಕಾಲವಾಗಿತ್ತು! ಕಿಟಕಿಯ ಕಡೆ ತಿರುಗಿ ತಿಂದೆ.

ತಾಲೆಯಲ್ಲಿ ಇಳಿದಾಗ ಹೈಡ್ರುನ್ ವೀಬ್ಕೆಯ ಮೂಲಕ ಕೇಳಿದರು, “ನಮ್ಮ ಜೊತೆ ಬೆಟ್ಟಕ್ಕೆ ಬರ್ತೀರಾ?”

ನಾನು ಎದೆಯ ಮೇಲೆ ಕೈಯಿಟ್ಟು, “ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ,” ಎಂದೆ.

“ಸರಿ ಹಾಗಾದ್ರೆ. ಐದು ಗಂಟೆಗೆ ಇಲ್ಲೇ ಸಿಗೋಣ,” ಎಂದು ಅವರು ಹೊರಟೇಬಿಟ್ಟರು.

ನನ್ನ ಕೈ ಇನ್ನೂ ಎದೆಯ ಮೇಲೇ ಇತ್ತು ಯಮ್ಮಾ. ನಾಲ್ಕು ಹೆಜ್ಜೆ ಹೋಗಿ ತಿರುಗುತ್ತಾರೆ, “ಏನು ಸಂಕೋಚ, ಬನ್ನಿ,” ಎನ್ನುತ್ತಾರೆ ಎಂದು ಕಾದೆ. ಇನ್ನೊಂದು ಸಲ ಬೇಡ ಎಂದು, ಮೂರನೆಯ ಸಲಕ್ಕೆ “ನೀವು ಇಷ್ಟು ಹೇಳುವಾಗ” ಎನ್ನುತ್ತಾ ಹೊರಡುವುದೆಂದು ಬೂಟಿನ ದಾರವನ್ನೂ ಬಿಗಿದುಕೊಂಡಿದ್ದೆ. ಕೋಲುಗಳ ಟಕ್ ಟಕ್ ಸದ್ದು ತಿರುವಿನಲ್ಲಿ ನಿಂತುಹೋಯಿತು.

ನನ್ನ ಒಂಟಿ ಪ್ರವಾಸ ಶುರುವಾದದ್ದು ಹೀಗೆ. ನೀನು ಸಿಟ್ಟಿನಲ್ಲಿದ್ದರೂ ಈ ಜಾಗದಲ್ಲಿ ನಗುತ್ತೀ ಎಂದು ನನಗೆ ಗೊತ್ತು.

ಆಮೇಲೆ ಹೆಚ್ಚುಕಡಿಮೆ ಪ್ರತಿ ಶನಿವಾರ ನಾನು ಅವರ ಐದನೆಯವಳು. ನೌಂಬುರ್ಗ್, ಕ್ವೆಡ್ಲಿನ್‌ಬುರ್ಗ್, ಹೆಸರು ಹೇಳಲು ನಾಲಿಗೆ ತೊಡರುವ ಇನ್ನೂ ಎಷ್ಟೋ ಊರು. ರೈಲಿನಲ್ಲಿ ನಾವು ಐವರು. ಇಳಿದ ಮೇಲೆ ಅವರು ಬೆಟ್ಟಕ್ಕೆ, ನಾನು ಊರೊಳಗೆ. ಹಳೆಯ ಬಾವಿ ಕಂಡರೆ ಬಗ್ಗಿ ನೋಡುತ್ತಿದ್ದೆ, ಅಭ್ಯಾಸ. ಎಲ್ಲ ಬಾವಿಗೂ ಕಬ್ಬಿಣದ ಜಾಲರಿ. ನಾನೇ ಮೊಸರು ಬಸಿದು ಮಾಡಿಕೊಂಡ ಲಬ್ನೆ ಸವರಿದ ರೊಟ್ಟಿಯನ್ನು ಚರ್ಚಿನ ಬಿಸಿಲು ಬೀಳುವ ಕಡೆಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆ. ಚಳಿ ಹೆಚ್ಚಾದರೆ ಕಾಫಿ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಯಾರಾದರೂ ಬಂದು ನಗುಮುಖದಿಂದ, “ಈ ಕುರ್ಚಿ ತಗೊಳ್ಳಲಾ?” ಎಂದು ಎದುರಿನ ಕುರ್ಚಿಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಎಷ್ಟೋ ಶನಿವಾರ ಇಳಿದಾಗಿನಿಂದ ಸಂಜೆಯವರೆಗೆ ನನ್ನೊಂದಿಗೆ ಯಾರಾದರೂ ಆಡಿದ ಮಾತು ಅದೊಂದೇ. ನಿನಗೆ ಮಾತ್ರ ಗೋಪುರ, ಹಿಮ, ಬಣ್ಣದ ಕಿಟಕಿಗಳ ಫೋಟೋ ಕಳಿಸುತ್ತಿದ್ದೆ. ಕುರ್ಚಿ ಹೋದ ಜಾಗದ ಫೋಟೋ ಯಾರು ಕಳಿಸುತ್ತಾರೆ?

ಮತ್ತೆ ಯಾಕೆ ಹೋಗುತ್ತಿದ್ದೆ ಎಂದು ಕೇಳುತ್ತೀ. ಒಂದು ಸಂಜೆ ಕ್ವೆಡ್ಲಿನ್‌ಬುರ್ಗ್‌ನಲ್ಲಿ ದಾರಿ ತಪ್ಪಿ ತಡವಾಯಿತು. ಓಡುತ್ತಾ ಬಂದರೆ ಹೈಡ್ರುನ್ ರೈಲಿನ ಬಾಗಿಲಿಗೆ ಒಂದು ಕಾಲು ಅಡ್ಡ ಕೊಟ್ಟು ನಿಂತಿದ್ದರು. ಟಿಸಿ ರೇಗುತ್ತಿದ್ದ. ಅವರು ಅವನಿಗಿಂತ ಜೋರಾಗಿ, “ನಮ್ಮ ಐದನೆಯವಳು ಬಂದಿಲ್ಲ!” ಎಂದು ಕೂಗುತ್ತಿದ್ದರು. ನನಗೆ ಅರ್ಥವಾದ ಮೊದಲ ಪೂರ್ತಿ ಜರ್ಮನ್ ವಾಕ್ಯ ಅದು. ಆ ವಾಕ್ಯಕ್ಕಾಗಿ ಹೋಗುತ್ತಿದ್ದೆ. ಸಂಜೆ ಐದಕ್ಕೆ ಒಂದು ಕಡೆ ನಾನು ಬರಲಿಲ್ಲವೆಂದರೆ ಯಾರಾದರೂ ಹುಡುಕುತ್ತಾರೆ, ಅಷ್ಟೇ.

ಈಗ ಆ ಫೋಟೋ. ಮಾರ್ಚಿನ ಆ ಸಂಜೆ ರೈಲು ತಡವಾಗಿತ್ತು. ವೀಬ್ಕೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ನನಗೂ ಜೋಂಪು. ರೈಲಿನ ಸದ್ದಿಗೆ ಎಚ್ಚರವಾಗಿ, ಎಲ್ಲಿದ್ದೇನೆ ಎಂಬುದು ಹೊಳೆಯುವ ಮೊದಲೇ ಅವಳ ಕೆನ್ನೆ ತಟ್ಟಿ, “ಯಮ್ಮಾ, ಏಳು ಯಮ್ಮಾ,” ಎಂದೆ.

ಹೈಡ್ರುನ್ ಕಿವಿ ಚುರುಕು. “ಏನಂತ ಕರೆದ್ರಿ ಅವಳನ್ನ?”

ವಿವರಿಸಬೇಕಾಯಿತು. ನಮ್ಮಲ್ಲಿ ಮಗಳು ಅಮ್ಮನನ್ನು ಯಮ್ಮಾ ಎನ್ನುತ್ತಾಳೆ, ಅಮ್ಮನೂ ಮಗಳನ್ನು ಯಮ್ಮಾ ಎನ್ನುತ್ತಾಳೆ, ನನ್ನ ಅಮ್ಮ ನನ್ನನ್ನೂ ಹಾಗೇ ಕರೆಯುತ್ತಾಳೆ ಎಂದೆ.

“ಎಲ್ಲರೂ ಎಲ್ಲರಿಗೂ ಅಮ್ಮನಾ? ಹಾಗಾದ್ರೆ ನಿಮ್ಮನೇಲಿ ನಿಜವಾದ ತಾಯಿ ಯಾರ್ರೀ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವರ ಗೆಳತಿಯೊಬ್ಬರು ಫೋಟೋ ತೆಗೆದದ್ದು ಅದೇ ಗಳಿಗೆಯಲ್ಲಿ. ನೋಡಿದೆಯಾ, ಅಲ್ಲಿ ನಾನು ನಗುತ್ತಿರುವುದು ನಿನ್ನನ್ನು ಕರೆದು. ಯಾಕೆ ನಗುತ್ತಿದ್ದೀರಿ ಎಂದು ನೀನು ಕೇಳುತ್ತೀ, ಆಗ ಹೇಳೋಣ ಎಂದು ಬರೀ ಫೋಟೋ ಕಳಿಸಿದೆ. ನೀನು ಕೇಳಲಿಲ್ಲ.

ಹೈಡ್ರುನ್ ಪ್ರಶ್ನೆಗೆ ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ. ಈ ಚಳಿಗಾಲದಲ್ಲಿ ಟ್ಯಾಂಕಿನ ನೀರು ನೋಡಿಕೊಂಡವಳು ನೀನು. ಅಜ್ಜಿಯ ಮಾತ್ರೆ, ಅವಳ ಸಿಡುಕು, ಎಲ್ಲವೂ ನಿನ್ನ ಪಾಲಿಗೆ.

ಅದೇ ರೈಲಿನಲ್ಲಿ, ಎಲ್ಲರೂ ಸಲಿಗೆಯಿಂದಿದ್ದಾಗ, ಕೇಳಿಯೇಬಿಟ್ಟೆ. ಬೆಟ್ಟಕ್ಕೆ ನನ್ನನ್ನು ಮತ್ತೆ ಯಾಕೆ ಕರೆಯಲಿಲ್ಲ ಎಂದು.

ಹೈಡ್ರುನ್ ಬೆರಗಾದರು. “ನೀವೇ ಬೇಡ ಅಂದ್ರಲ್ಲ!”

“ನಮ್ಮ ಕಡೆ ಮೊದಲನೇ ಬೇಡ ಲೆಕ್ಕಕ್ಕಿಲ್ಲ. ಅದು ಉಪಚಾರಕ್ಕೆ.”

“ಅಯ್ಯೋ ದೇವರೇ! ಅದಕ್ಕೋಸ್ಕರ ಚಳಿಗಾಲ ಪೂರ್ತಿ ಒಬ್ರೇ ಅಲೆದ್ರಾ? ಮತ್ತೆ ಎಷ್ಟನೇ ಬೇಡ ನಿಜವಾದದ್ದು?”

“ಅದು ಎಣಿಸೋದಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ,” ಎಂದೆ.

ಹಾಗೆನ್ನುತ್ತಲೇ ಡಿಸೆಂಬರ್ ನೆನಪಾಯಿತು. ರಜೆಗೆ ಬರಲಾ ಎಂದು ನಾನು ಫೋನಿನಲ್ಲಿ ಕೇಳಿದ್ದೆ. “ಬೇಡ ಬಿಡು ಯಮ್ಮಾ. ನಿಂಗೂ ಓದೋದಿದೆ, ನಂಗೂ ಓದೋದಿದೆ,” ಎಂದೆ ನೀನು. “ಸರಿ ಹಾಗಾದ್ರೆ,” ಎಂದೆ ನಾನು. ಹೈಡ್ರುನ್ ಆಡಿದ್ದೂ ಅದೇ ಎರಡು ಪದ. ಅವರಿಗೆ ನಮ್ಮ ರೀತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಫೋನಿನಲ್ಲಿ ಮುಖ ಕಾಣಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ಮುಖ ಕಾಣದಿದ್ದುದು ನನಗೆ ಅನುಕೂಲವೇ ಆಗಿತ್ತೇನೋ. ಬಂದು ನಿನ್ನ ಪಕ್ಕ ಒಂದು ರಾತ್ರಿ ಮಲಗಿದರೆ ಮತ್ತೆ ವಿಮಾನ ಹತ್ತಲಾರೆ ಎಂಬ ಭಯ. ಓದು ಅರ್ಧಕ್ಕೆ ನಿಂತರೆ ಹೇಗೆ ಎಂಬ ಭಯ. ಈ ಓದು ನಮ್ಮಿಬ್ಬರಿಗಾಗಿ ಎಂದು ನಿನಗೆ ಹೇಳಿದ್ದೆ. ಅದು ನಿಜ. ನನಗಾಗಿಯೂ ಹೌದು, ಅದೂ ನಿಜ.

ಅದರ ಮುಂದಿನ ಶನಿವಾರ ಹೈಡ್ರುನ್ ನಿಲ್ದಾಣದಲ್ಲಿ ಇಳಿದವರೇ ನನ್ನ ಮುಂದೆ ಸೆಟೆದು ನಿಂತು, “ಬರ್ತೀರಾ? ಬರ್ತೀರಾ? ಬರ್ತೀರಾ? ಮೂರಾಯ್ತು, ಹೊರಡಿ,” ಎಂದರು. ಹೋದೆ. ಅವರೆಲ್ಲ ಮಾತಿಲ್ಲದೆ ಬಿರುಸಾಗಿ ಹತ್ತುವವರು. ಮೇಲೆ ತಲುಪಿ ಎಲ್ಲರೂ ಕಣಿವೆ ನೋಡುತ್ತಾ ನಿಂತಾಗ, ಇವರು ಮೊದಲ ದಿನವೇ ಮೂರು ಸಲ ಕರೆದಿದ್ದರೂ ನಾನು ಒಬ್ಬಳೇ ಇರುತ್ತಿದ್ದೆ ಎಂದು ಗೊತ್ತಾಯಿತು.

ಆದ್ದರಿಂದ ಈಗ ಕೇಳುತ್ತೇನೆ. ಪರೀಕ್ಷೆ ಮುಗಿಸಿ, ಶಾರ್ಜಾಕ್ಕೆ ಹೋಗುವ ಮೊದಲು, ಇಲ್ಲಿಗೆ ಬಾ. ಒಂದು ತಿಂಗಳಾದರೂ ಇರು. ಆಮೇಲೆ ನಿನ್ನಿಷ್ಟ. ನೀನು ಬೇಡ ಎನ್ನುತ್ತೀ. ನಾನು ಮತ್ತೆ ಕೇಳುತ್ತೇನೆ. ಮತ್ತೆ ಬೇಡ ಎಂದರೆ, ನಿನ್ನ ಕೊನೆಯ ಪರೀಕ್ಷೆಯ ದಿನ ಶಾಲೆಯ ಗೇಟಿನ ಹತ್ತಿರ ನಾನೇ ಬಂದು ನಿಂತಿರುತ್ತೇನೆ, ಮುಖ ನೋಡಿ ಕೇಳಲು. ಮರಳಿ ವಿಮಾನ ಹತ್ತುವುದು ಎಷ್ಟು ಕಷ್ಟವೆಂದು ಅಲ್ಲಿಗೆ ಬಂದೇ ತಿಳಿಯುತ್ತೇನೆ. ನಿನ್ನ ಮುಖವೂ ಬೇಡ ಎಂದರೆ ಶಾರ್ಜಾದ ವಿಮಾನಕ್ಕೆ ನಿನ್ನನ್ನು ನಾನೇ ಬಿಟ್ಟು ಬರುತ್ತೇನೆ. ಅಳುವುದಿಲ್ಲ. ಅತ್ತರೂ ಕಾರಿನಲ್ಲಿ.

ಸುಹಾದ್‌ಗೆ ಊಟ ಹಾಕದೆ ಕಳಿಸಬೇಡ. ಬೇಡ ಎನ್ನುತ್ತಾಳೆ, ಕೇಳಬೇಡ.

ನಿನ್ನ ಯಮ್ಮಾ,
ನುಹಾ

ಮರೆತ ಮಾತು: ನಿನ್ನೆ ನಾನು ಹೈಡ್ರುನ್ ಜೊತೆ ಹೋಗಲಿಲ್ಲ. ಇಬ್ಬರಿಗೆಂದು ನಾನೇ ಟಿಕೆಟ್ ಕೊಂಡು, ಮೊದಲ ಸಾಲಿನಲ್ಲಿ ನುಹಾ ಎಂದೂ ಎರಡನೆಯದರಲ್ಲಿ ಲುಜೈನ್ ಎಂದೂ ಬರೆದೆ. ಯಾಕೆಂದು ಕೇಳಬೇಡ, ಕೈ ಬರೆಯಿತು. ಟಿಸಿ ಬಂದು ನೋಡಿ, “ಇನ್ನೊಬ್ರು ಎಲ್ಲಿ?” ಎಂದ. “ಬರ್ತಾಳೆ,” ಎಂದೆ. ಅವನು ಶೌಚಾಲಯದ ಬಾಗಿಲ ಕಡೆ ನೋಡಿ ಮುಂದೆ ಹೋದ. ಎರಡು ನಿಲ್ದಾಣ ಕಳೆದ ಮೇಲೆ ಮತ್ತೆ ಬಂದ. ನನ್ನ ಎದುರಿನ ಸೀಟು ಹಾಗೇ ಖಾಲಿ ಇತ್ತು. ಅವನು ಅದನ್ನು ನೋಡಿದ, ನನ್ನನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟಿಕೆಟ್ಟಿಗೆ ಮುದ್ರೆ ಒತ್ತಿ ಕೈಗೆ ಕೊಟ್ಟ. “ನಾಳೆ ಬೆಳಗಿನ ಜಾವ ಮೂರರವರೆಗೆ ನಡೆಯುತ್ತೆ ಇದು. ಅವಳಿಗೆ ಹೇಳಿ, ಅವಸರ ಇಲ್ಲ,” ಎಂದ.