ಅಡವಿನ ಹನಿಗಿರಣಿಯೂ ವಕೀಲೆಯ ಫೀಸೂ

ಕುಷ್ಟಗಿ, ಫೆಬ್ರವರಿ ಮೂವತ್ತು, ೨೧೯೧

ಹಿಂದಿನ ಶತಮಾನಗಳ ಹಿರಿಯರಿಗೆ ಶರಣು. ತಾರೀಖು ನೋಡಿ ನಗಬೇಡಿ. ನಮ್ಮವರು ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿದ್ದಾರೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಅಡಿವೆಪ್ಪ. ಚಂದ್ರಲೋಕದ ಹೈಕೋರ್ಟಿನ ನ್ಯಾಯಾಧೀಶರು ದಿವಾಳಿ ಖಟ್ಲೆಯ ತೀರ್ಪು ಬರೆಯುವ ಮುಂಚೆ ನನ್ನನ್ನೇ ಕೇಳುತ್ತಾರೆ. ಓದಿದ್ದು ಊರ ಶಾಲೆಯ ಏಳನೆಯ ಇಯತ್ತೆ. ಚಂದ್ರನಿಗೆ ಅಷ್ಟು ಸಾಕಾಯಿತು. ನೀವು ಆರು ತಲೆಮಾರು ದೊಡ್ಡವರಾದರೂ ನನ್ನನ್ನು ಕಾಕಾ ಎಂದೇ ಕರೆಯಿರಿ, ಊರೆಲ್ಲ ಹಾಗೇ ಕರೆಯುತ್ತದೆ.

ಇಲ್ಲೀಗ ಬಾವಿಗಳಿಲ್ಲ. ಗಾಳಿಯಿಂದ ನೀರು ಹಿಂಡುವ ಯಂತ್ರವಿದೆ, ಹನಿಗಿರಣಿ ಎನ್ನುತ್ತೇವೆ. ನಸುಕಿನಲ್ಲಿ ಅದರ ಮುಂದೆ ಕೊಡಗಳ ಸಾಲು, ಸಾಲಿನಲ್ಲಿ ಜಗಳ, ಜಗಳದ ನಡುವೆಯೇ ಮದುವೆಯ ಮಾತುಕತೆ. ಗಿರಣಿಯೊಳಗೆ ಜೀವವಿರುವ ಪಾಚಿಯ ಪೊರೆ ಇರುತ್ತದೆ. ನಾಲ್ಕು ದಿನ ಕರೆಂಟು ಹೋದರೆ ಪೊರೆ ಸತ್ತು, ಉಳಿಯುವುದು ಗುಜರಿ ಕಬ್ಬಿಣ.

ದೌಲಸಾಬನ ಹನಿಗಿರಣಿಯನ್ನು ಅಡವು ಹಿಡಿದು, ನಾನು ಮತ್ತು ಅಕ್ಕ ನೀಲವ್ವ ಸರಿಪಾಲು ಹಾಕಿ ಎಂಟು ಸಾವಿರ ವರಹ ಸಾಲ ಕೊಟ್ಟೆವು. ನಿಮ್ಮ ರೂಪಾಯಿ ಹೋಗಿ ವರಹ ತಿರುಗಿ ಬಂದಿದೆ. ಅಕ್ಕನ ಪಾಲು ರೊಟ್ಟಿ ಬಡಿದು ಕೂಡಿಸಿದ್ದು. ಅವಳ ಮುಪ್ಪಿಗೆ ಅದೇ ಆಸರೆ. ದೌಲಸಾಬ ದಿವಾಳಿಯಾದ. ಕಾಯದೆ ನಮ್ಮ ಪರವಾಗಿತ್ತು: ಗಿರಣಿ ಮಾರಿದ ದುಡ್ಡು ಮೊದಲು ಅಡವು ಹಿಡಿದವರಿಗೆ, ಅವನ ವಕೀಲೆಯ ಫೀಸು ಅದನ್ನು ಮುಟ್ಟುವಂತಿಲ್ಲ. ಆ ಖರ್ಚಿನಿಂದಲೇ ಅಡವಿನ ಮಾಲು ಉಳಿದಿದ್ದರೆ, ಇಲ್ಲವೇ ನಾವೇ ಒಪ್ಪಿದ್ದರೆ ಮಾತ್ರ ಮುಟ್ಟಬಹುದು.

ಸಾಲ ಕೊಟ್ಟವರ ಸಭೆಯಲ್ಲಿ ವಕೀಲೆ ಸುಶೀಲಾ ಹಂಚಿನಾಳ ನೇರವಾಗಿ ಕೇಳಿದಳು: “ದೌಲಸಾಬ್ರ ಕೈಯಾಗ ಬಿಡಿಗಾಸಿಲ್ಲ. ಕರೆಂಟ್ ಹಚ್ಚಿಸಿ ಪೊರಿ ಉಳಸಬೇಕು, ಗಿರಾಕಿ ಹುಡುಕಬೇಕು. ಆ ಖರ್ಚು, ನನ್ನ ಫೀಜು ಯಾರ ಮ್ಯಾಲ ಬರಕೊಳ್ಳಲಿ?”

ನಮ್ಮ ಕಡೆ ಅಡವಿನ ಎಮ್ಮೆಗೆ ಮೇವು ಹಾಕುವುದು ಅಡವು ಹಿಡಿದವನ ಪದ್ಧತಿ. ಹಾಲು ಕರೆದುಕೊಳ್ಳುವವನೂ ಅವನೇ ಅಲ್ಲವೇ. ಊರೆಲ್ಲ ನನ್ನ ಮೀಸೆಯನ್ನೇ ನೋಡುತ್ತಿತ್ತು. ಎದ್ದು ನಿಂತೆ. “ಎಮ್ಮಿ ನಮ್ಮದು, ಮೇವೂ ನಮ್ಮದು. ನಮ್ಮ ಮಾಲಿನಾಗಿಂದನ ತಗೋ ಬಾಯಿ, ಎಷ್ಟರ ಆಗಲಿ.”

ಆಡಿದ್ದನ್ನು ಹಾಗೇ ಹಿಡಿದಿಡುವ ಸಾಕ್ಷಿಕಲ್ಲು ಎಂಬ ಯಂತ್ರ ನಮ್ಮ ಸಭೆಗಳಲ್ಲಿರುತ್ತದೆ. ಅದು ‘ಎಷ್ಟರ ಆಗಲಿ’ಯನ್ನೂ ಹಿಡಿಯಿತು.

ಅಕ್ಕ ಮೆಲ್ಲಗೆ ಹೇಳಿದಳು: “ತಮ್ಮಾ, ಗಿರಣಿ ಬದಲಿ ನಿನ್ನ ಬಾಯಿನ ಅಡವು ಹಿಡಿದಿದ್ರ ನಾನು ಸಾವುಕಾರ್ತಿ ಆಗತಿದ್ನಿ.”

ಗಿರಣಿ ಆರು ಸಾವಿರಕ್ಕೆ ಹೋಯಿತು. ಖರ್ಚು, ಫೀಸು ಸೇರಿ ಸಾವಿರದ ನಾನೂರು. ನನಗೆ ಸುಶೀಲಾಬಾಯಿಯ ಮೇಲೆ ಸಿಟ್ಟಿಲ್ಲ. ಅವಳು ಓಡಾಡದಿದ್ದರೆ ಪೊರೆ ಸಾಯುತ್ತಿತ್ತು, ಓಣಿಯ ಕೊಡಗಳು ಒಣಗುತ್ತಿದ್ದವು, ನಮಗೆ ಗುಜರಿಯ ಬೆಲೆಯಷ್ಟೇ ದಕ್ಕುತ್ತಿತ್ತು. ದುಡಿದವಳಿಗೆ ಕೂಲಿ ಬೇಕು. ದೌಲಸಾಬ ಈಗ ಅದೇ ಗಿರಣಿಯಲ್ಲಿ ಸಂಬಳಕ್ಕಿದ್ದಾನೆ. ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾನೆ, ನಾನು ಬೇರೆ ಓಣಿ ಹಿಡಿದು ಹೋಗುತ್ತೇನೆ.

ನಿಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಅಡವಿನ ಪತ್ರ ಬರೆಯುವ ದಿನವೇ, ವಕೀಲರ ಫೀಸು ಮಾಲಿನಿಂದ ಇಷ್ಟರವರೆಗೆ ಎಂದು ಬರೆಯಿಸಿ. ಏನೂ ಕೊಡುವುದಿಲ್ಲ ಎನ್ನಬೇಡಿ, ಎಷ್ಟಾದರೂ ಕೊಡುತ್ತೇನೆ ಎಂದೂ ಅನ್ನಬೇಡಿ. ನಾನು ಅಕ್ಕನ ಪಾಲು ನಾಲ್ಕು ಸಾವಿರವನ್ನು ಪೂರ್ತಿ ಅವಳ ಉಡಿಗೆ ಹಾಕಿದೆ. ನನ್ನ ಪಾಲಿನಲ್ಲಿ ನೂರಿನ್ನೂರು ಹೋಯಿತು ಎಂದು ಊರವರಿಗೆ ಹೇಳಿದ್ದೇನೆ. ನಿಜಕ್ಕೂ ಹೋದದ್ದು ಮೂರು ಸಾವಿರದ ನಾನೂರು.