ಹೋಗಿ ನೋಡಿಬಂದ ಹೆಂಗಸರು

ಕೆಂಗಟ್ಟಿ,
ಕ್ರಿ.ಶ. ೨೧೬೩, ಫೆಬ್ರವರಿ ೩೦

ನೂರಮೂವತ್ತೇಳು ವರ್ಷಗಳ ಹಿಂದೆ ಬದುಕಿರುವ ಹಿರಿಯರಿಗೆ,

ನಿಂಬವ್ವನ ಶರಣು. ಮೇಲಿನ ತಾರೀಖು ಕೈತಪ್ಪಿ ಬಂದದ್ದಲ್ಲ. ತಿಂಗಳುಗಳನ್ನು ಸರಿಸಮ ಮಾಡಿ ನಲವತ್ತು ವರ್ಷವಾಯಿತು. ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಬರಹಗಳನ್ನು ಓದಿ ನಿಮ್ಮಂತೆಯೇ ಬರೆಯಲು ಯತ್ನಿಸಿದ್ದೇನೆ. ಆದರೂ ಕೆಲವು ಸಂಗತಿಗಳಿಗೆ ನಿಮ್ಮಲ್ಲಿ ಹೆಸರಿಲ್ಲ. ಅಂಥವು ಬಂದಾಗ ಬಿಡಿಸಿ ಹೇಳುತ್ತೇನೆ, ಮನ್ನಿಸಿ. ಈ ಕಾಗದ ನಿಮ್ಮನ್ನು ಹೇಗೆ ತಲುಪೀತೆಂದು ನನಗೂ ತಿಳಿಯದು. ಹಿಂದಿನವರಿಗೆ ಬರೆದಿಡುವ ರೂಢಿ ನಮ್ಮಲ್ಲಿದೆ, ಅದರಂತೆ ಬರೆಯುತ್ತಿದ್ದೇನೆ.

ನಾನು ಈ ಊರಿನ ನೋಡುಗಿತ್ತಿ. ಊರಿನ ಹುಡುಗಿಯಾಗಲಿ ಹುಡುಗನಾಗಲಿ ಮದುವೆಯಾಗಿಯೋ ಕೆಲಸ ಹಿಡಿದೋ ದೂರದ ಊರಿಗೆ ಹೊರಟರೆ, ನಮ್ಮಲ್ಲಿ ಇಬ್ಬರು ಮೊದಲು ಅಲ್ಲಿಗೆ ಹೋಗುತ್ತಾರೆ. ಮೂರು ದಿನ ಅಲ್ಲೇ ಉಳಿಯುತ್ತಾರೆ. ಆ ಮನೆಯವರು ಉಣ್ಣುವುದನ್ನೇ ಉಣ್ಣುತ್ತಾರೆ, ನೆರೆಯವರನ್ನು ಮಾತಾಡಿಸುತ್ತಾರೆ, ಹೋಗುವವರು ಮಲಗುವ ಕೋಣೆಯ ಚಿಲಕ ಒಳಗಿದೆಯೋ ಹೊರಗಿದೆಯೋ ನೋಡುತ್ತಾರೆ. ಇದಕ್ಕೆ ನೋಡುಗೆ ಎಂದು ಹೆಸರು. ನೋಡುಗೆಯಾಗದೆ ಯಾರೂ ಊರು ದಾಟುವುದಿಲ್ಲ. ಹೋಗುವವರಿಗೆ ಒಂದು ಕರೆಮಾತನ್ನೂ ಕಲಿಸಿ ಕಳಿಸುತ್ತೇವೆ. ಅದು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು. ಪಕ್ಕದಲ್ಲಿ ಯಾರೇ ನಿಂತಿರಲಿ, ಫೋನಿನಲ್ಲಿ ಅದು ಕೇಳಿಸಿದರೆ ನಾವು ಹೊರಡುತ್ತೇವೆ. ಈಗ ಬಿಸಿಲು ವಿಪರೀತವಾಗಿ, ನಮ್ಮ ಹೊಲದ ಕೆಲಸ ಬೆಳಗಿನ ಒಂಬತ್ತಕ್ಕೇ ಮುಗಿದುಬಿಡುತ್ತದೆ. ಮೆಣಸಿನಗಿಡಗಳು ಬಿಳಿ ಬಟ್ಟೆಯ ಚಪ್ಪರದಡಿ ಬೆಳೆಯುತ್ತವೆ. ಮಧ್ಯಾಹ್ನವೆಲ್ಲ ಊರಿನ ಹೆಂಗಸರು ಮರಳುಮನೆಯ ತಂಪಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಮಾರಾಟವಾಗಿ ಹೋಗಿ ತಿರುಗಿ ಬಂದವರು ಬೇಕಾದಷ್ಟು ಕಾಲ ಇರುವ ಮನೆ ಮರಳುಮನೆ. ಅಲ್ಲಿಗೆ ಬಂದವರನ್ನು ಏನಾಯಿತೆಂದು ಯಾರೂ ಕೇಳುವುದಿಲ್ಲ. ಹೇಳಬೇಕೆನಿಸಿದ ದಿನ ಅವರೇ ಹೇಳುತ್ತಾರೆ. ನಾವು ಆಗ ಕೈ ನಿಲ್ಲಿಸದೆ ಕೇಳುತ್ತೇವೆ, ಯಾಕೆಂದರೆ ಎಲ್ಲರೂ ಕೆಲಸ ಬಿಟ್ಟು ಮುಖ ನೋಡತೊಡಗಿದರೆ ಹೇಳುವವರ ಬಾಯಿ ಕಟ್ಟುತ್ತದೆ.

ಇದೆಲ್ಲ ಒಂದು ಒಳ್ಳೆಯ ಊರಿನ ಕತೆಯಂತೆ ಕೇಳಿಸಿದರೆ, ಅದು ಹಾಗಲ್ಲ. ಈ ಊರು ಇದನ್ನು ಕಲಿತದ್ದು ಒಬ್ಬ ಹುಡುಗಿಯನ್ನು ಕಳೆದುಕೊಂಡು. ಅವಳು ದಾನಮ್ಮ. ಅವಳ ತಂಗಿ ಕಸ್ತೂರಿಯ ಮೊಮ್ಮಗಳ ಮೊಮ್ಮಗಳು ನಾನು. ಆದರೆ ದಾನಮ್ಮನ ವಿಷಯ ಹೇಳಬೇಕಾದರೆ ರೇಣವ್ವನಿಂದ ಶುರುಮಾಡಬೇಕು. ರೇಣವ್ವ ಮುಪ್ಪಿನಲ್ಲಿ ತನ್ನ ಬಾಯಿಂದಲೇ ಹೇಳಿದ್ದನ್ನು ನಿಮ್ಮ ಕಾಲದಂಥ ಫೋನಿನಲ್ಲಿ ಹಿಡಿದಿಟ್ಟಿದ್ದರು. ಆ ದನಿ ಈಗಲೂ ನಮ್ಮಲ್ಲಿದೆ. ನಾನು ಬರೆಯುತ್ತಿರುವುದು ಅದನ್ನು ಕೇಳಿಯೇ.

ರೇಣವ್ವ ಕೆಂಗಟ್ಟಿಯ ಕಲ್ಲವ್ವನ ಹಿರಿಯ ಮಗಳು. ತಂದೆ ಇರಲಿಲ್ಲ. ತಾಯಿ ಮಗಳಿಬ್ಬರೂ ಮೆಣಸಿನಕಾಯಿ ಶೆಡ್ಡಿನಲ್ಲಿ ತೊಟ್ಟು ಬಿಡಿಸುತ್ತಿದ್ದರು. ಸಂಜೆಗೆ ಕೈ ಎಷ್ಟು ಉರಿಯುತ್ತಿತ್ತೆಂದರೆ ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಅದೇ ಓಣಿಯಲ್ಲಿ ಇಂದ್ರವ್ವ ಎಂಬಾಕೆ ಇದ್ದಳು. ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವವಳು, ರೇಷನ್ ಕಾರ್ಡಿನ ಅರ್ಜಿ ತುಂಬಿಸಿಕೊಡುವವಳು, ಎಲ್ಲರ ಮನೆಯ ಒಲೆಯ ತನಕ ಬರುವವಳು. ರೇಣವ್ವನಿಗೆ ಹದಿನೇಳಾಗಿದ್ದಾಗ ಆಕೆ ಬಡಗಣ ಸೀಮೆಯ ಒಂದು ಸಂಬಂಧ ತಂದಳು. ವರದಕ್ಷಿಣೆ ಕೇಳುವುದಿಲ್ಲ, ಮದುವೆ ಅವರೇ ಮಾಡಿಕೊಳ್ಳುತ್ತಾರೆ, ಅಲ್ಲಿ ಹೆಣ್ಣು ಸಿಗದ್ದಕ್ಕೆ ಹುಡುಗಿಯನ್ನು ದೇವರ ಹಾಗೆ ನೋಡಿಕೊಳ್ಳುತ್ತಾರೆ ಎಂದಳು. ಅಪರಿಚಿತರು ಹೇಳಿದ್ದರೆ ಕಲ್ಲವ್ವ ಅನುಮಾನ ಪಡುತ್ತಿದ್ದಳು. ಹೇಳಿದವಳು ಇಂದ್ರವ್ವ.

ಎರಡು ದಿನದ ರೈಲು ಪ್ರಯಾಣದ ಕೊನೆಗೆ ರೇಣವ್ವನಿಗೆ ಸಿಕ್ಕದ್ದು ತನ್ನ ತಂದೆಯ ವಯಸ್ಸಿನ ಗಂಡಸು ಮತ್ತು ಅರ್ಥವಾಗದ ಭಾಷೆ. ಒಂದು ವರ್ಷಕ್ಕೆ ಅವನು ಅವಳನ್ನು ಇನ್ನೊಂದು ಮನೆಗೆ ಕಳಿಸಿದ. ಅಲ್ಲಿಂದ ಹೆದ್ದಾರಿಯ ಪಕ್ಕದ ಒಂದು ಢಾಬಾಕ್ಕೆ ಕಳಿಸಿದರು. ಕಳಿಸಿದರು ಎಂಬ ಮಾತು ಅವಳದ್ದೇ. ಮಾರಿದರು ಎಂದು ಅವಳು ಬಾಯಿಬಿಟ್ಟು ಒಮ್ಮೆಯೂ ಹೇಳಿಲ್ಲ. ಆ ವರ್ಷಗಳ ಬಗ್ಗೆ ಆ ದನಿಯಲ್ಲಿ ಹೆಚ್ಚೇನೂ ಇಲ್ಲ. ಒಂದು ಕಡೆ ಹಿಂದೆ ಯಾರದೋ ಬಳೆಯ ಸದ್ದಷ್ಟೇ ಕೇಳುತ್ತದೆ, ಆಮೇಲೆ ಅವಳು ಮುಂದಿನ ಮಾತಿಗೆ ಹೋಗಿಬಿಡುತ್ತಾಳೆ. ನಾನೂ ಹಾಗೇ ಹೋಗುತ್ತೇನೆ.

ಏಳನೆಯ ವರ್ಷ, ಒಂದು ಮಧ್ಯಾಹ್ನ ಆ ಢಾಬಾದಲ್ಲಿ ಊಟಕ್ಕೆ ಕೂತ ಲಾರಿ ಡ್ರೈವರನೊಬ್ಬ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದ. ಹಾವೇರಿ ಕಡೆಯ ದುರಗಪ್ಪ ಅವನು. “ಸಾಲಿಗೆ ಹೋಗಿದ್ದೇನು? ಉಂಡ್ಯಾ? ಏನ್ ಮಾಡಿದ್ದಳು ನಿಮ್ಮವ್ವ?” ಎಂದು ಕೇಳುತ್ತಿದ್ದ. ನೀರಿನ ಜಗ್ಗು ಹಿಡಿದು ಬಂದ ರೇಣವ್ವ ಅಲ್ಲೇ ನಿಂತಳು. ವರ್ಷಗಳ ಮೇಲೆ ಕಿವಿಗೆ ಬಿದ್ದ ಕನ್ನಡ ಅದು. ಕೊನೆಗೆ “ಅಣ್ಣಾ” ಎಂದಳು.

ದುರಗಪ್ಪ ಅವಳ ಮುಖ ನೋಡಿದ, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕನನ್ನು ನೋಡಿದ, ಮತ್ತೆ ತಟ್ಟೆಗೆ ಕೈ ಹಾಕಿದ.

“ತಲಿ ಎತ್ತಬ್ಯಾಡವ್ವ. ನೀರು ಹಾಕ್ಕೋತ ಮಾತಾಡು. ಯಾವೂರು ನಿಂದು?”

“ಕೆಂಗಟ್ಟಿ. ಕಲ್ಲವ್ವನ ಮಗಳು.”

“ಮನಸಿಲೆ ಬಂದೀ ಏನು ಇಲ್ಲಿ?”

“ಇಲ್ರಿ.”

“ಆತು. ನಾ ಹೋದೆ ಅಂತ ಅಳಬ್ಯಾಡ. ತಿರುಗಿ ಬರತೀನಿ.”

ಅವನು ಮುಂದಿನ ಪಟ್ಟಣದಲ್ಲಿ ಲಾರಿ ನಿಲ್ಲಿಸಿದ. ಭಾಷೆ ಬಾರದ ಊರಿನಲ್ಲಿ ಎರಡು ದಿನ ಠಾಣೆಯ ಮೆಟ್ಟಿಲ ಮೇಲೆ ಕೂತ. ಮೂರನೆಯ ದಿನ ಪೊಲೀಸರು ಬಂದರು. ಅವರ ಜೊತೆ, ಮಹಿಳಾ ಸಂಘದ ಇಬ್ಬರ ಹಿಂದೆ, ದುರಗಪ್ಪನೂ ಬಂದ.

ರೇಣವ್ವ ಊರಿಗೆ ಬಂದದ್ದು ೨೦೧೮ರಲ್ಲಿ. ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆಂದು ಏಳು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಕಲ್ಲವ್ವ ಬಾಗಿಲಲ್ಲಿ ನಿಂತು ಅವಳನ್ನು ನೋಡಿದಳು. ಕಾಲಿಗೆ ನೀರು ಕೊಟ್ಟಳು. ಆಮೇಲೆ ಕೇಳಿದಳು: “ಎಷ್ಟು ದಿನ ಇರತೀ?”

ತಾಯಿಯನ್ನು ಕಲ್ಲೆದೆಯವಳೆನ್ನಬೇಡಿ. ಮನೆಯಲ್ಲಿ ಕಿರಿಯ ಮಗಳೊಬ್ಬಳಿದ್ದಳು, ಅವಳ ಮದುವೆಯ ಮಾತುಕತೆ ನಡೆದಿತ್ತು. ರೇಣವ್ವ ನಾಲ್ಕು ದಿನ ಇದ್ದು ಊರಾಚೆಯ ಒಂದು ಬಾಡಿಗೆ ಕೋಣೆಗೆ ಹೋದಳು. ಶೆಡ್ಡಿನಲ್ಲಿ ಅದೇ ಹಳೆಯ ಕೆಲಸ ಸಿಕ್ಕಿತು. ಆದರೆ ಹೆಂಗಸರು ಅವಳ ಎಡಬಲ ಒಂದೊಂದು ಆಳು ಕೂಡುವಷ್ಟು ಜಾಗ ಬಿಟ್ಟು ಕೂಡುತ್ತಿದ್ದರು. ಮೂರು ವರ್ಷ ಅವಳು ಆ ಖಾಲಿ ಜಾಗದ ನಡುವೆ ಕೂತು ದುಡಿದಳು.

ಆಮೇಲೆ ಬಂದದ್ದು ರೋಗ ಹಬ್ಬಿ ಶಾಲೆಗಳು ಮುಚ್ಚಿದ್ದ ಕಾಲ. ಶೆಡ್ಡಿನಲ್ಲಿ ದುಡಿಯುತ್ತಿದ್ದ ಮುದುಕವ್ವ ಎಂಬಾಕೆಯ ಮಗಳು ದಾನಮ್ಮ ಆಗ ಹದಿನಾರರವಳು. ಗಣಿತದಲ್ಲಿ ಜಾಣೆ, ಹತ್ತನೆಯದು ಮುಗಿಸಿ ಮುಂದೆ ಓದಬೇಕೆಂದು ಹಟ ಹಿಡಿದವಳು. ಇಂದ್ರವ್ವ ಅವರ ಮನೆಗೂ ಅದೇ ಸೀಮೆಯ ಸಂಬಂಧ ತಂದಳು. ಸುದ್ದಿ ಕೇಳಿದ ದಿನವೇ ರೇಣವ್ವ ಮುದುಕವ್ವನ ಅಂಗಳಕ್ಕೆ ಹೋದಳು. ಒಳಗೆ ಮಂದಿ ತುಂಬಿದ್ದರು, ಇಂದ್ರವ್ವನೂ ಇದ್ದಳು. ಮೂರು ವರ್ಷ ಯಾರಿಗೂ ಹೇಳದ ಮಾತನ್ನು ರೇಣವ್ವ ಅಂದು ಎಲ್ಲರ ಮುಂದೆ ನಿಂತು ಹೇಳಿದಳು. ಹೇಳಿ ಮುಗಿಸಿ, “ಮುದುಕಕ್ಕಾ, ಎಂಟು ದಿನ ತಡೀ. ನಾ ಹೋಗಿ ಆ ಮನಿ ನೋಡಿ ಬರತೀನಿ” ಎಂದು ಕೈಮುಗಿದಳು.

“ಆಕಿ ಬಾಳೇವು ಕೆಟ್ಟೈತಿ, ಹೊಟ್ಟೆಕಿಚ್ಚಿಲೆ ಮಾತಾಡ್ತಾಳ” ಎಂದಳು ಇಂದ್ರವ್ವ ಮೆಲ್ಲಗೆ.

ಮುದುಕವ್ವ ಎದ್ದು ಬಂದಳು. “ನನ್ನ ಮಗಳ ಬಾಳಿಗೆ ಅಡ್ಡ ಬರಬ್ಯಾಡ ರೇಣವ್ವ. ಹೋಗು.”

ರೇಣವ್ವ ಹೊರಗೆ ಬಂದಾಗ ದಾನಮ್ಮ ಹಿತ್ತಲ ಬಾಗಿಲಿಂದ ಹಿಂದೆಯೇ ಬಂದಳು.

“ಅಕ್ಕಾ, ಅಲ್ಲಿ ಕಾಲೇಜಿಗೆ ಕಳಸ್ತಾರಂತ. ಖರೇನಾ?”

“ಇಲ್ಲವ್ವ. ಕಳಸೂದಿಲ್ಲ.”

ದಾನಮ್ಮ ಕೆಳದುಟಿ ಕಚ್ಚಿದಳು. “ಇಲ್ಲಿನೂ ಕಳಸೂದಿಲ್ಲಲ್ಲ” ಎಂದು ಒಳಗೆ ಹೋದಳು.

ಹಿಡಿದಿಟ್ಟ ದನಿಯಲ್ಲಿ ರೇಣವ್ವ ಅಳುವುದು ಈ ಮಾತು ಹೇಳುವಾಗ ಮಾತ್ರ. ಮರುದಿನ ಅವಳು ಪೇಟೆಗೆ ಹೋಗಿ ಮಕ್ಕಳ ಕಲ್ಯಾಣ ಸಮಿತಿಯವರಿಗೆ ತಿಳಿಸಿದಳು. ಮದುವೆಯೆಂದು ಹೇಳಿದ್ದ ದಿನ ಅವರು ಜೀಪಿನಲ್ಲಿ ಬಂದರು. ಆದರೆ ಇಂದ್ರವ್ವ ಅದಕ್ಕೂ ಎರಡು ದಿನ ಮೊದಲೇ ಹುಡುಗಿಯನ್ನು ರೈಲು ಹತ್ತಿಸಿಬಿಟ್ಟಿದ್ದಳು. ನಲವತ್ತು ದಿನ ಫೋನು ಬಂತು. ಆಮೇಲೆ ನಿಂತಿತು.

ಫೋನು ನಿಂತು ಎರಡು ತಿಂಗಳಿಗೆ ಮುದುಕವ್ವ ರೇಣವ್ವನ ಬಾಡಿಗೆ ಕೋಣೆಗೆ ಬಂದಳು. ಹೊಸ್ತಿಲ ಹೊರಗೇ ನಿಂತು, “ನೀ ಹೇಳಿದ್ದಿ” ಎಂದಳು.

ರೇಣವ್ವ ಎದ್ದು ಚಾಪೆ ಹಾಸಿದಳು. “ಒಳಗ ಬಾ ಅಕ್ಕಾ.”

“ಈಗ ಏನ್ ಮಾಡೂಣು?”

“ಹೋಗಿ ನೋಡೂಣು.”

ಯಾವ ಸೀಮೆಗೆ ಎಂದೂ ಕಾಲಿಡುವುದಿಲ್ಲವೆಂದು ರೇಣವ್ವ ಆಣೆ ಮಾಡಿಕೊಂಡಿದ್ದಳೋ, ಅದೇ ಸೀಮೆಗೆ ಮುದುಕವ್ವನ ಕೈಹಿಡಿದು ಹೋದಳು. ಅಲ್ಲಿಯ ಭಾಷೆ ಬಲ್ಲವಳು ಅವಳೊಬ್ಬಳೇ. ಹನ್ನೊಂದು ದಿನ ತಿರುಗಿದರು. ಇಂದ್ರವ್ವ ಬರೆದುಕೊಟ್ಟ ಹೆಸರಿನ ಊರೇ ಅಲ್ಲಿರಲಿಲ್ಲ. ದಾನಮ್ಮನ ಶಾಲೆಯ ಫೋಟೋ ಹಿಡಿದು ಅಂಗಡಿ, ಢಾಬಾ, ಇಟ್ಟಿಗೆ ಭಟ್ಟಿಗಳಲ್ಲೆಲ್ಲ ಕೇಳಿದರು. ತಿರುಗಿ ಬಂದ ಮೇಲೆ ಇಂದ್ರವ್ವನ ಮೇಲೆ ಮೊಕದ್ದಮೆಯಾಯಿತು, ಅವಳು ಜೈಲಿಗೂ ಹೋದಳು. ಹುಡುಗಿ ಎಲ್ಲಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ದಾನಮ್ಮ ಅವಳ ಕೈದಾಟಿ ಬೇರೆಯವರ ಪಾಲಾಗಿ ಆಗಿತ್ತು.

ಆ ವರ್ಷವೇ ನೆರೆಯ ಹಳ್ಳಿಯೊಂದಕ್ಕೆ ಅಂಥದೇ ಸಂಬಂಧ ಬಂದಿದೆಯೆಂದು ತಿಳಿದು ಅವರಿಬ್ಬರೂ ಅಲ್ಲಿಗೆ ನಡೆದರು. ಮುದುಕವ್ವ ಆ ಮನೆಯವರಿಗೆ ಬೇರೇನೂ ಹೇಳಲಿಲ್ಲ. “ನನ್ನ ಮಗಳನ್ನ ನೋಡದ ಕಳಿಸಿದೆ. ನಿಮ್ಮಾಕೀನ ನಾವು ನೋಡಿ ಬಂದ ಮ್ಯಾಲೆ ಕಳಸ್ರಿ” ಎಂದಳು. ಇಬ್ಬರೂ ಹೋಗಿ ನೋಡಿಬಂದರು. ಆ ಮದುವೆ ನಿಂತಿತು. ನೋಡುಗೆ ಶುರುವಾದದ್ದು ಹೀಗೆ.

ನಿಮ್ಮ ಕಾಲದಲ್ಲಿ ರೇಣವ್ವನಿಗೆ ಮೂವತ್ತೆರಡು ವರ್ಷ. ನೀವು ಇದನ್ನು ಓದುವ ಹೊತ್ತಿಗೆ ಅವಳು ಯಾವುದೋ ಹಳ್ಳಿಯ ಅಂಗಳದಲ್ಲಿ ನಿಂತಿರುತ್ತಾಳೆ, ಯಾರೋ ಅವಳಿಗೆ ಹೋಗೆನ್ನುತ್ತಿರುತ್ತಾರೆ. ಮುಂದೆ ನಡೆಯುವುದನ್ನು ಒಂದಿಷ್ಟು ಹೇಳಬಲ್ಲೆ. ಇನ್ನೂ ಎಂಟು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಕಲ್ಲವ್ವ ಶೆಡ್ಡಿಗೆ ಬಂದು ಮಗಳ ಪಕ್ಕದ ಜಾಗದಲ್ಲಿ ಕೂಡುತ್ತಾಳೆ. ಮಗಳ ಮುಂದಿನ ರಾಶಿಯಿಂದ ಒಂದು ಬೊಗಸೆ ಕಾಯಿ ಎಳೆದುಕೊಂಡು ತೊಟ್ಟು ಬಿಡಿಸತೊಡಗುತ್ತಾಳೆ. ರೇಣವ್ವ ಅದನ್ನು ಹೇಳುವಾಗ ದನಿಯಲ್ಲಿ ಸಣ್ಣ ನಗೆಯಿದೆ. ಆದರೆ ಅಷ್ಟು ಹೊತ್ತಿಗೆ ಅವಳು ಹದಿನಾರು ವರ್ಷ ಕಾದಿದ್ದಳು.

ಮನುಷ್ಯರನ್ನು ಮಾರುವುದು ನಮ್ಮ ಕಾಲದಲ್ಲಿ ನಿಂತಿದೆ ಎಂದು ಬರೆಯಲು ನನಗೂ ಆಸೆ. ನಿಂತಿಲ್ಲ. ಈಗ ಕಡಲಂಚಿನ ಉಪ್ಪಿನ ಕಾರ್ಖಾನೆಗಳಿಗೆ, ನೆಲದಡಿಯ ಕಸ ಆರಿಸುವ ಸುರಂಗಗಳಿಗೆ ಮಕ್ಕಳು ಹೋಗುತ್ತಾರೆ. ಕರೆದೊಯ್ಯುವವರು ಈಗಲೂ ಒಲೆಯ ತನಕ ಬರುವವರೇ. ಇಪ್ಪತ್ತು ವರ್ಷದಲ್ಲಿ ನಾನು ಹಲವರನ್ನು ತಡೆದಿದ್ದೇನೆ, ಹಲವರನ್ನು ಕರೆತಂದಿದ್ದೇನೆ. ನಾಲ್ವರ ವಿಷಯದಲ್ಲಿ ತಡಮಾಡಿದೆ. ಅವರ ಮನೆಗಳ ಮುಂದೆ ಹಾಯ್ದುಹೋಗುವಾಗ ನಾನು ಇಂದಿಗೂ ತಲೆ ತಗ್ಗಿಸುತ್ತೇನೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಮ್ಮ ಮನೆಯಲ್ಲಿ ದಾನಮ್ಮನಿಗೆ ಯಾರೂ ಎಡೆ ಇಟ್ಟವರಲ್ಲ. ಸತ್ತಳೆಂಬ ಸುದ್ದಿಯೇ ಬರಲಿಲ್ಲ. ಮುದುಕವ್ವ ಕೊನೆಯ ತನಕ ಹುಡುಕಿದಳು, ಅವಳ ನಂತರ ಕಸ್ತೂರಿ ಹುಡುಕಿದಳು. ಇನ್ನು ನಾವು ಹುಡುಕುವಂತಿಲ್ಲ. ದಾನಮ್ಮನದು ಎತ್ತರದ ಮೈಕಟ್ಟು. ಎಡ ಮುಂಗೈ ಮೇಲೆ ಎಣ್ಣೆ ಸಿಡಿದು ಸುಟ್ಟ ಗುರುತಿದೆ. ಹುಬ್ಬುಗಳು ಕೂಡಿಕೊಂಡಿವೆ. ಯೋಚಿಸುವಾಗ ಕೆಳದುಟಿ ಕಚ್ಚುವ ರೂಢಿಯಂತೆ. ನೀವು ಕೆಲಸಕ್ಕೋ ಯಾತ್ರೆಗೋ ಬಡಗಣಕ್ಕೆ ಹೋದಾಗ, ತಲೆಯೆತ್ತದೆ ದುಡಿಯುವ ಹೆಂಗಸೊಬ್ಬಳು ಕಂಡರೆ ದಯವಿಟ್ಟು ಆ ಕೈಯನ್ನೊಮ್ಮೆ ನೋಡಿ. ನಮಗೆ ಅವಳು ಎಲ್ಲಿ ಮಣ್ಣಾದಳೆಂಬುದೂ ಗೊತ್ತಿಲ್ಲ. ನಿಮ್ಮ ಕಾಲದಲ್ಲಿ ಅವಳಿಗೆ ಇನ್ನೂ ಇಪ್ಪತ್ತೊಂದು ವರ್ಷ.

ನಿಮ್ಮ ಮುಂದಿನವಳು,
ನಿಂಬವ್ವ