ಸರಿ ಇದೆ, ಹೋಗು

೧೨ ಸೆಪ್ಟೆಂಬರ್ ೧೯೯೮, ಶನಿವಾರ

ಮತ್ತೆ ಅದೇ. ಬಟ್ಟೆ ಒಗೆಯುವುದು ಬಾಕಿ, ದೋಸೆಗೆ ನೆನೆಹಾಕಿದ್ದು ಹಾಗೇ ಇದೆ — ನಾನು ಮಾತ್ರ ಚರಣನ ಜೊತೆ ಸಮುದ್ರತೀರದಲ್ಲಿ. ಹುಡುಗ ಹಾಲೆಂಡಿನ ಯುಟ್ರೆಕ್ಟ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ ಎಂದು ಹೇಳಿ ಮದುವೆ ಮಾಡಿದರು. ಶನಿವಾರ ಬಂದರೆ ಹಕ್ಕಿಯಾಗುತ್ತಾನೆ ಎಂದು ಯಾರೂ ಹೇಳಲಿಲ್ಲ.

ನನ್ನದು ಒಂದೇ ಕೆಲಸ. ಮರಳುದಿಬ್ಬದ ಮೇಲೆ ಅವನು ಹ್ಯಾಂಗ್ ಗ್ಲೈಡರ್ ಎಂಬ ಎಂಜಿನ್ ಇಲ್ಲದ ಬಟ್ಟೆಯ ರೆಕ್ಕೆ ಹೆಗಲಿಗೇರಿಸಿ ಸಮುದ್ರಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ಬೆನ್ನಿನ ಪಟ್ಟಿಯ ತುದಿಯಲ್ಲಿ ಹುಕ್. ಅದನ್ನು ರೆಕ್ಕೆಯ ನಡುವಿನ ಕೊಳವೆಗೆ ಸಿಕ್ಕಿಸಿರಬೇಕು. ಅವನಿಗೆ ಅದು ಕಾಣುವುದಿಲ್ಲ. ಅಷ್ಟು ದೊಡ್ಡ ರೆಕ್ಕೆ ಹೊತ್ತು ಹಿಂದೆ ತಿರುಗುವಂತೆಯೂ ಇಲ್ಲ. ಮರೆತು ಓಡಿದರೆ ರೆಕ್ಕೆ ಏಳುತ್ತದೆ, ಮನುಷ್ಯ ಬರಿಗೈಯಲ್ಲಿ ಜೋತಾಡುತ್ತಾನೆ — ಕೈ ಸೋಲುವ ತನಕ. ವರ್ಷಗಟ್ಟಲೆ ಹಾರಿದವರೂ ಮರೆಯುತ್ತಾರಂತೆ. ಅದಕ್ಕೇ ಪದ್ಧತಿ. ಹಿಂದೆ ನಿಂತವರು ಪಟ್ಟಿ ಎಳೆದು ನೋಡಿ ಹೇಳಬೇಕು. "ಸರಿ ಇದೆ, ಹೋಗು." ಅದನ್ನು ಕೇಳದೆ ಯಾರೂ ಓಡುವುದಿಲ್ಲ.

ಚಳಿ. ಮೂಗು ಕೆಂಪು. ಹಕ್ಕಿ ಒಂದು ಗಂಟೆ ಹಾರಿತು, ಬಂದು ಎರಡು ತಟ್ಟೆ ಅನ್ನ ತಿಂದಿತು.

೧೮ ಅಕ್ಟೋಬರ್, ಭಾನುವಾರ

ಹೆಂಕ್ ಎಂಬ ಮುದುಕರ ಮನೆಗೆ ಹೋಗಿದ್ದೆವು. ಭೂಗೋಳದ ಮೇಷ್ಟ್ರಾಗಿದ್ದವರು. ಈ ದೇಶದಲ್ಲಿ ಹ್ಯಾಂಗ್ ಗ್ಲೈಡಿಂಗ್ ಎಂದರೆ ಏನೆಂದೇ ಗೊತ್ತಿಲ್ಲದ ಕಾಲದಲ್ಲಿ ಹಾರಿದವರು. ಮೊದಲನೆಯದು ಬಿದಿರು, ಪ್ಲಾಸ್ಟಿಕ್ ಹಾಳೆ. ಮುರಿಯಿತು. ಎರಡನೆಯದಕ್ಕೆ ಅಲ್ಯೂಮಿನಿಯಂ ಕೊಳವೆ, ದೋಣಿಯ ಬಟ್ಟೆ. ಹೊಲಿದದ್ದು ಹೆಂಡತಿ ಟ್ರೂಸ್.

"ಶಾಲೆ ಇಲ್ಲ, ಗುರು ಇಲ್ಲ. ಬಿದ್ದು ಕಲಿತೆವು," ಎಂದರು ಹೆಂಕ್. "ಕೆಲವರು ಬಿದ್ದರು ಅಷ್ಟೇ."

ಆ ಎರಡನೆಯ ರೆಕ್ಕೆ ಕೊಟ್ಟಿಗೆಯ ಸೂರಿನಲ್ಲಿ ತೂಗುತ್ತಿತ್ತು. ಕಿತ್ತಳೆ ಬಣ್ಣ, ಮಾಸಿದೆ. ಚರಣ್ ಅದನ್ನು ನೋಡಿದ ರೀತಿ ನೋಡಿ ನನಗೆ ಹೊಟ್ಟೆಕಿಚ್ಚು — ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ. ಹೆಂಕ್‌ಗೆ ಕಣ್ಣು ಮಂಜಾಗುತ್ತಿದೆ. ಪೂರ್ತಿ ಹೋಗುವ ಮೊದಲು ಅದು ಹಾರುವುದನ್ನು ಇನ್ನೊಮ್ಮೆ ನೋಡಬೇಕಂತೆ. ಚರಣ್ ಮಾತು ಕೊಟ್ಟುಬಿಟ್ಟ. ನನ್ನನ್ನು ಕೇಳಲೂ ಇಲ್ಲ.

ಟ್ರೂಸ್ ಕಾಫಿ ಕೊಟ್ಟರು, ಜೊತೆಗೆ ಒಂದೇ ಒಂದು ಬಿಸ್ಕತ್ತು. ಡಬ್ಬ ಮುಚ್ಚಿಟ್ಟರು. ನನ್ನ ಕಡೆ ನೋಡಲೇ ಇಲ್ಲ.

೧ ನವೆಂಬರ್, ಭಾನುವಾರ, ಸಂಜೆ

ಹಳೆಯ ರೆಕ್ಕೆಯ ಮೊದಲ ದಿನ. ಚಿಕ್ಕ ದಿಬ್ಬ. ಚರಣ್ ಹೊತ್ತು ನಿಂತಿದ್ದ. ನನ್ನ ಕೈಗವಸು ಗಾಳಿಗೆ ಹಾರಿತು, ಹಿಡಿಯಲು ಓಡಿದೆ. ತಿರುಗಿ ನೋಡಿದರೆ ಅವನು ಓಡುತ್ತಿದ್ದಾನೆ. ಪಟ್ಟಿ ಬಾಲದ ಹಾಗೆ ಹಿಂದೆ ಜೋತಾಡುತ್ತಿದೆ. ಕಿರುಚಿದೆ. ರೆಕ್ಕೆ ಎದ್ದಿತು, ಅವನ ಕಾಲೂ ಎದ್ದಿತು. ಕೈ ಜಾರಿ ಮರಳಿಗೆ ಬಿದ್ದ. ದೇವರು ದೊಡ್ಡವನು, ಮೊಣಕೈ ಮಾತ್ರ ತರಚಿದೆ.

"ಎಂತ ಮಾರಾಯ ನೀನು! ಹುಕ್ ಹಾಕ್ಲೇ ಇಲ್ಲ!"

"ನೀನೇ ತಾನೆ ಸರಿ ಇದೆ, ಹೋಗು ಅಂದಿದ್ದು?"

"ನಾನಾ? ನಾನು ಅಲ್ಲಿ ಗ್ಲೌಸ್ ಹಿಂದೆ ಓಡ್ತಾ ಇದ್ದೆ."

"ತಮಾಷೆ ಸಾಕು ಕ್ಷಮಾ. ಪಟ್ಟಿ ಎಳೆದೆಯಲ್ಲ, ಭುಜಕ್ಕೆ ಗೊತ್ತಾಯ್ತು ನಂಗೆ."

ನಾನು ಎಳೆದಿಲ್ಲ. ಹತ್ತಿರವೂ ಇರಲಿಲ್ಲ. ಆಣೆ ಮಾಡಿದೆ. ಅವನು ನಂಬಲಿಲ್ಲ, ಆದರೆ ದಾರಿಯಲ್ಲಿ ಎರಡು ಸಲ ಭುಜ ಮುಟ್ಟಿ ನೋಡಿಕೊಂಡ.

೮ ನವೆಂಬರ್

ಟ್ರೂಸ್ ಫೋನ್ ಮಾಡಿ ಕರೆಸಿಕೊಂಡರು. ನನ್ನೊಬ್ಬಳನ್ನೇ. ಚರಣ್ ಬಿದ್ದ ಸುದ್ದಿ ಹೆಂಕ್ ಹೇಳಿದ್ದಾರೆ.

"ನಿನ್ನ ದನಿ ಕೇಳಿಸಿತು ಅಂದನಾ?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ.

ಹೆಂಕ್‌ಗೆ ಪೀಟ್ ಎಂಬ ತಮ್ಮನಿದ್ದ. ಎಪ್ಪತ್ತಾರರ ಬೇಸಿಗೆ. ಇದೇ ರೆಕ್ಕೆ, ದೊಡ್ಡ ದಿಬ್ಬ. ಹುಕ್ ನೋಡುವುದು ಟ್ರೂಸ್ ಕೆಲಸ. ಅವರು ಪೊದೆಯ ಮರೆಯಲ್ಲಿ ಮಗುವಿನ ಮೂಗು ಒರೆಸುತ್ತಿದ್ದರಂತೆ. ಪೀಟ್ "ಥ್ಯಾಂಕ್ಸ್ ಟ್ರೂಸ್" ಎಂದು ಕೂಗಿ ಓಡಿದ. ಕೂಗಿದ್ದು ಕೆಳಗಿದ್ದ ಹೆಂಕ್‌ಗೂ ಕೇಳಿಸಿತು. ಸಮುದ್ರದ ಮೇಲೆ ಹೋಗುವ ತನಕ ಅವನ ಕೈ ತಡೆದುಕೊಂಡಿತ್ತು. ಆಮೇಲೆ ನೀರಿಗೆ ಬಿದ್ದು ಸತ್ತ; ರೆಕ್ಕೆ ಮಾತ್ರ ದಡ ಸೇರಿತು.

"ನಾನು ನೋಡದೆ ಹೇಳಿಬಿಟ್ಟೆ ಅಂತಲೇ ಹೆಂಕ್ ತಿಳಿದಿದ್ದಾನೆ. ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ." ಬಿಸ್ಕತ್ತಿನ ಡಬ್ಬ ತೆರೆದು ನನ್ನ ಮುಂದೆ ಇಟ್ಟರು, ಮುಚ್ಚಲಿಲ್ಲ.

ನನಗೆ ಭಯವಾಗಿದೆ. ಸುಳ್ಳು ಏಕೆ ಬರೆಯಲಿ.

೭ ಮಾರ್ಚ್ ೧೯೯೯

ಚಳಿಗಾಲ ಪೂರ್ತಿ ನೆಮ್ಮದಿ. ಬರೆಯುವಂಥದ್ದೇನೂ ಇರಲಿಲ್ಲ. ಈಗ ಹಗಲು ಉದ್ದವಾಯಿತು, ಅವನು ಮತ್ತೆ ಆ ಹಳೆಯ ರೆಕ್ಕೆಯ ಕೊಳವೆ ಉಜ್ಜುತ್ತಿದ್ದಾನೆ.

ಬೇಡ ಎಂದೆ. ಅತ್ತುಬಿಟ್ಟೆ. ಊಟ ಬಿಟ್ಟೆ. ಎರಡು ಹೊತ್ತು ಅಷ್ಟೇ, ಹಸಿವು ತಡೆಯುವ ಜಾತಿ ಅಲ್ಲ ನನ್ನದು.

"ಮೇಷ್ಟ್ರಿಗೆ ಮಾತು ಕೊಟ್ಟಿದೀನಿ. ಒಂದೇ ಒಂದು ಸಲ. ನೀನು ಬರದಿದ್ರೆ ಪರವಾಗಿಲ್ಲ, ನಾನೇ ಮ್ಯಾನೇಜ್ ಮಾಡ್ತೀನಿ."

ಅದೇ ಹೆದರಿಕೆ. ನಾನು ಹೋಗದಿದ್ದರೆ ಅವನ ಬೆನ್ನ ಹಿಂದೆ ಅದೊಂದೇ ಇರುತ್ತದೆ.

ನಮ್ಮ ಅಜ್ಜಿ ಹೇಳುತ್ತಿದ್ದರು — ಕತ್ತಲಲ್ಲಿ ಯಾರಾದರೂ ಕರೆದರೆ ಒಂದೇ ಸಲಕ್ಕೆ ಓ ಅನ್ನಬಾರದು. ಮೂರು ಸಲ ಕರೆಯಲಿ. ಮನುಷ್ಯರಾದರೆ ಕರೆದೇ ಕರೆಯುತ್ತಾರೆ. ಅವಕ್ಕೆ ಎರಡನೇ ಸಲ ಕರೆಯಲು ಬಾಯಿಲ್ಲ. ಚರಣನಿಗೆ ಹೇಳಿದೆ. ಮೂರು ಸಲ ಹೇಳುತ್ತೇನೆ, ಮೂರೂ ಕೇಳಿದ ಮೇಲೆಯೇ ಓಡು. ನಕ್ಕ. ಆಮೇಲೆ, "ಆಯ್ತಮ್ಮ, ನಿಮ್ಮಜ್ಜಿ ಮೇಲಾಣೆ," ಎಂದ.

೧೧ ಏಪ್ರಿಲ್, ಭಾನುವಾರ

ಅಜ್ಜಿ ಗೆದ್ದರು!

ಚಿಕ್ಕ ದಿಬ್ಬ. ಬೇಕೆಂದೇ ದೂರ ನಿಂತೆ, ಬಾಯಿ ಬಿಗಿ ಹಿಡಿದು. ಚರಣ್ ರೆಕ್ಕೆ ಎತ್ತಿದ. ಸ್ವಲ್ಪ ಹೊತ್ತಿಗೆ ನಾನೂ ಕೇಳಿದೆ. ನನ್ನದೇ ದನಿ. ಅವನ ಹಿಂದಿನ ಖಾಲಿ ಜಾಗದಿಂದ. "ಸರಿ ಇದೆ, ಹೋಗು." ಟೇಪಿನಲ್ಲಿ ನಮ್ಮ ದನಿ ಕೇಳಿದಾಗ ಅಸಹ್ಯವಾಗುತ್ತದಲ್ಲ, ಹಾಗೆ. ಅವನೂ ಕೇಳಿಸಿಕೊಂಡ. ಅಲುಗಲಿಲ್ಲ. ಕಾದ. ಮತ್ತೇನೂ ಬರಲಿಲ್ಲ, ಬರೀ ಗಾಳಿ.

ನಾನು ಹೋಗಿ ಪಟ್ಟಿ ಎಳೆದೆ, ಮೂರು ಸಲ ಹೇಳಿದೆ. ಓಡಿದ, ಹಾರಿದ, ಇಳಿದ. ಕೆಳಗೆ ಬಂದವನ ಮುಖ ಬಿಳಿಚಿತ್ತು.

"ಇನ್ನು ಬೇಡ ಅಲ್ವಾ?" ಎಂದೆ.

"ದೊಡ್ಡ ದಿಬ್ಬದಿಂದ ಒಂದು ಸಲ, ಕ್ಷಮಾ. ಮೇಷ್ಟ್ರು ನೋಡಲಿ. ಆಮೇಲೆ ಇದನ್ನ ಸುಟ್ಟುಬಿಡೋಣ. ಮೂರರ ಲೆಕ್ಕ ಇದೆಯಲ್ಲ ನಮ್ಮ ಹತ್ರ."

ನಂಬಿದ್ದಾನೆ. ಈಗ ನನ್ನನ್ನು ಪೂರ್ತಿ ನಂಬಿದ್ದಾನೆ. ಖುಷಿಯಾಯಿತು.

೨೪ ಏಪ್ರಿಲ್, ಶನಿವಾರ, ಬೆಳಿಗ್ಗೆ

ದೊಡ್ಡ ದಿಬ್ಬದ ಹಿಂದೆ, ಕಾರಿನಲ್ಲಿ. ಹನಿ ಬೀಳುತ್ತಿದೆ. ಚರಣ್ ಮೇಲೆ ರೆಕ್ಕೆ ಬಿಚ್ಚಿ ಕಟ್ಟುತ್ತಿದ್ದಾನೆ. ಆದ ಮೇಲೆ ಸೀಟಿ ಹಾಕುತ್ತಾನೆ, ನಾನು ಹತ್ತಬೇಕು. ಒದ್ದೆಯಾಗಬೇಡ ಎಂದು ಅವನೇ ಇಲ್ಲಿ ಕೂರಿಸಿ ಹೋದ. ಹೆಂಕ್ ಆಚೆ ತೀರದಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು. ಟ್ರೂಸ್ ಬಂದಿಲ್ಲ.

ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತೊಂದು ದಿನ. ನಾಳೆಯಿಂದ ಭಾನುವಾರಗಳು ನನ್ನವು. ದೋಸೆ, ನಿದ್ದೆ. ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಹಲಸಿನಕಾಯಿ ಸಿಗುತ್ತದೆಯೋ ನೋಡಬೇಕು...

ಕೇಳಿಸಿತು.

ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದೆ, ಸ್ಪಷ್ಟವಾಗಿ ಕೇಳಿಸಿತು. ನನ್ನ ದನಿ. ಸರಿ ಇದೆ, ಹೋಗು. ಸೀಟಿ ಇನ್ನೂ ಹಾಕಿಲ್ಲ. ನಾನು ಮೇಲೆ ಬಂದಿದ್ದೇನೆ ಎಂದುಕೊಂಡಿರುತ್ತಾನೆ. ಇರಲಿ. ಗಾಬರಿ ಬೇಡ. ಒಂದೇ ಸಲ. ಕಾಯುತ್ತಾನೆ, ಅವತ್ತು ಕಾದ ಹಾಗೆ. ಬಾಯಿಲ್ಲದ್ದು ಇನ್ನೇನು ಮಾಡೀತು, ಕೂಗಿಕೊಳ್ಳಲಿ. ಶೂ ಹಾಕಿಕೊಂಡು ನಿಧಾನಕ್ಕೆ ಹತ್ತಿದರಾಯಿತು, ಆಮೇಲೆ ನಾನೇ ಮೂರು

ಮತ್ತೆ ಅಂದಿತು. ಎರಡು